ರಬ್ಬರಿನ ಅಂಚು

೩ ಮಾರ್ಚ್, ಸಂಜೆ
ಆರನೆಯ ಸೆರಾಮಿಕ್ ಉಂಗುರದ ಬೆಸುಗೆಯೂ ಮುಗಿಯಿತು. ನೀರು ಒಳಗೆ ಹೋಗದಂತೆ ಮೇಲೆ ಕಪ್ಪು ರಬ್ಬರ್ ಸುರಿದೆವು. ಗಟ್ಟಿಯಾಗಲು ಏಳು ದಿನ. ನಾನೇ ಡಿಸೈನ್ ಮಾಡಿದ ಮೊದಲ ಟ್ರಾನ್ಸ್‌ಡ್ಯೂಸರ್, ನೀರಿನಡಿಯ ಸದ್ದು ಹಿಡಿಯುವ ಕಿವಿ. ಸಮುದ್ರದ ತಳದಲ್ಲಿ ಕೂತು ಒಂದು ವರ್ಷ ತಿಮಿಂಗಿಲಗಳ ಮಾತು ಕೇಳುತ್ತದೆ. ಹದಿನೆಂಟರ ಬೆಳಗ್ಗೆ ಅದನ್ನು ಒಯ್ಯುವ ಹಡಗು. ಎಷ್ಟು ಖುಷಿ ಎಂದರೆ — ಬೇಡ, ಬರೆದರೆ ದೃಷ್ಟಿ ತಾಗುತ್ತದೆ.

ಮದುವೆಯಾಗಿ ಇಪ್ಪತ್ತಮೂರು ದಿನ. ಗಂಡ ಮೂರು ಸಲ ಫೋನ್ ಮಾಡಿ ‘ಊಟ ಆಯ್ತಾ?’ ಎಂದ. ಮೂರನೆಯ ಸಲ ‘ನಾಳೇದೂ ಆಯ್ತು’ ಎಂದೆ.

೬ ಮಾರ್ಚ್
ರಬ್ಬರ್ ಗಟ್ಟಿಯಾಗುತ್ತಿದೆ. ನಾನು ಮೆತ್ತಗಾಗುತ್ತಿದ್ದೇನೆ. ಅವನು ಈರುಳ್ಳಿ ಹೆಚ್ಚುವುದನ್ನೇ ನೋಡುತ್ತಾ ನಿಂತೆ, ಹಾಲು ಉಕ್ಕಿತು. ಒರೆಸಿದ್ದೂ ಅವನೇ. ಪಾಪ...

೧೦ ಮಾರ್ಚ್, ಮಧ್ಯಾಹ್ನ ೧೨
ಟ್ಯಾಂಕ್ ಟೆಸ್ಟ್ ಪಾಸ್. ಬಾಸ್ ತಲೆಯಾಡಿಸಿದರು. ಅವರ ಮಟ್ಟಿಗೆ ಅದೇ ಭಾಷಣ.

ಮಧ್ಯಾಹ್ನ ೩
ಒರೆಸುವಾಗ ಲೋಹದ ಮುಚ್ಚಳದ ಬಳಿ ರಬ್ಬರಿನ ಅಂಚು ಉಗುರಿಗೆ ಎದ್ದು ಬಂತು. ಅಕ್ಕಿಕಾಳಿನಷ್ಟು. ಅಲ್ಲಿ ಅಂಟಿಕೊಂಡೇ ಇಲ್ಲ.

ಯಾಕೆಂದು ತಕ್ಷಣ ಗೊತ್ತಾಯಿತು. ಕೊನೆಯ ಬೆಸುಗೆಗೆ ಅಡ್ಡ ಬರುತ್ತದೆಂದು ಗ್ಲೌಸ್ ಕಳಚಿದ್ದೆ. ಕೈ ತುಂಬ ಗಂಡ ಕೊಡಿಸಿದ ಗುಲಾಬಿ ಕ್ರೀಮ್. ಅದೇ ಕೈಯಲ್ಲಿ ಮುಚ್ಚಳ ಹಿಡಿದಿದ್ದೆ. ಜಿಡ್ಡಿರುವ ಕಡೆ ರಬ್ಬರ್ ಹಿಡಿಯುವುದಿಲ್ಲ — ಟ್ರೇನಿಗಳಿಗೆ ನಾನೇ ಹೇಳಿಕೊಡುವ ಪಾಠ.

ನಾಳೆ ಪ್ರೆಶರ್ ಟೆಸ್ಟ್. ಒಂದೇ ಗಂಟೆ, ಹೇಗೋ ಪಾಸಾಗುತ್ತದೆ. ಆದರೆ ಮೂರು ಸಾವಿರ ಮೀಟರ್ ಆಳದಲ್ಲಿ, ಒಂದು ವರ್ಷ... ನೀರು ಆ ಸಂದಿಯನ್ನು ಹುಡುಕಿಕೊಂಡು ಬರುತ್ತದೆ. ಹೇಳಿದರೆ ರಬ್ಬರ್ ಕೊಯ್ದು ಮತ್ತೆ ಸುರಿಯಬೇಕು. ಹಡಗು ತಪ್ಪುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

೧೧ ಮಾರ್ಚ್
ಹೇಳಿಬಿಟ್ಟೆ. ಬಾಸ್ ಅಂಚನ್ನು ಉಗುರಿನಿಂದ ಎತ್ತಿ ನೋಡಿದರು.

‘ಹಡಗು ಯಾರಿಗೂ ಕಾಯಲ್ಲ, ಗೊತ್ತಲ್ಲ?’

‘ಗೊತ್ತು ಸರ್.’

‘ಹಾಗಾದ್ರೆ ಕೊಯ್ಯಮ್ಮ.’

ಬ್ಲೇಡ್ ತಂದವರು ಟ್ಯಾಂಕ್ ಮಾವ — ಟ್ಯಾಂಕ್ ನೋಡಿಕೊಳ್ಳುವ ಹಿರಿಯ ಟೆಕ್ನಿಷಿಯನ್, ಲ್ಯಾಬಿಗೆಲ್ಲ ಮಾವ. ‘ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೈ ಕ್ರೀಮಾದ್ರೆ ಏನು ಅಂತ ಇವತ್ತು ಕಲಿತೆ ನೋಡಮ್ಮ.’ ನಗು ಬಂತು. ಕಣ್ಣಲ್ಲಿ ನೀರೂ.

ಮನೆಯಲ್ಲಿ ಗಂಡನ ಮುಖ ಸಣ್ಣದಾಯಿತು. ‘ತಪ್ಪು ನಂದಾ?’

‘ಕ್ರೀಮ್ ನಿಂದು. ಕೈ ನಂದು.’

‘ಸರಿ, ಬೈಗುಳ ಅರ್ಧರ್ಧ.’

ಇಂಥವನನ್ನು ಅಮ್ಮ ಎಲ್ಲಿಂದ ಹುಡುಕಿದಳೋ.

೧೨ ಮಾರ್ಚ್
ಮತ್ತೆ ಸುರಿದೆವು. ಗ್ಲೌಸ್ ಎರಡು ಜೊತೆ, ಒಂದರ ಮೇಲೊಂದು.

೧೮ ಮಾರ್ಚ್, ಬೆಳಗ್ಗೆ ೭
ಹಡಗು ಹೋಯಿತು. ನನ್ನದರ ಜಾಗದಲ್ಲಿ ಹಳೆಯ ಮಾಡೆಲ್. ತಿಮಿಂಗಿಲಗಳ ಅಧ್ಯಯನ ಮಾಡುವ ಮೇಡಂ ಹಡಗಿನ ಏಣಿ ಹತ್ತುವ ಮೊದಲು, ‘ಮುಂದಿನ ಸಲ ನಿಂದೇ ಒಯ್ತೀನಿ’ ಎಂದರು. ಮುಂದಿನ ಸಲಕ್ಕೆ ಹನ್ನೊಂದು ತಿಂಗಳು. ನಾನು ಅಳಲಿಲ್ಲ. ಅತ್ತಿದ್ದೆ ಎನ್ನುತ್ತಾನೆ ಗಂಡ.

೨೦ ಮಾರ್ಚ್, ಸಂಜೆ ೪
ಬೆಳಗ್ಗೆ ಒಂಬತ್ತರಿಂದ ನನ್ನ ಟ್ರಾನ್ಸ್‌ಡ್ಯೂಸರ್ ಪ್ರೆಶರ್ ಚೇಂಬರಿನಲ್ಲಿದೆ. ಮುನ್ನೂರು ಬಾರ್, ಮೂರು ಸಾವಿರ ಮೀಟರ್ ನೀರಿನ ಭಾರ. ನೀರು ಒಳನುಗ್ಗಿದರೆ ಪರದೆಯ ಮೇಲಿನ ಗೆರೆ ಬಾಗುತ್ತದೆ. ಈವರೆಗೆ ನೇರ, ಒಂದಿಷ್ಟೂ ಬಾಗಿಲ್ಲ.

‘ಒಂದು ಗಂಟೆ ಅಂದ್ರೆ ಒಂದು ದಿನ ಮಾಡ್ತಿದೀಯಲ್ಲಮ್ಮ. ಸಾಕಲ್ವಾ?’ ಎಂದರು ಟ್ಯಾಂಕ್ ಮಾವ.

‘ಹಡಗು ಹೋಯ್ತಲ್ಲ ಮಾವ, ಇನ್ನೇನು ಅವಸರ? ನಾನೂರಕ್ಕೆ ಏರಿಸಿ.’

ಗೊಣಗುತ್ತಲೇ ವಾಲ್ವ್ ತಿರುಗಿಸಿದರು. ಮುನ್ನೂರ ಐವತ್ತು. ಬಾಸ್ ಬಂದು ಹಿಂದೆ ನಿಂತಿದ್ದಾರೆ. ಮುನ್ನೂರ ಎಂಬತ್ತು. ನಾನೂರು. ಗೆರೆ ಇನ್ನೂ ನೇರ.