ಅತ್ತೆ ತೋರಿಸಿದ ಕೈ

ಮೇ ೧೧, ಭಾನುವಾರ. ಕಟ್ಟಾಯ

ಬಾಗೂರಿನಲ್ಲಿ ನಾದಿನಿಯ ಮಗುವಿನ ನಾಮಕರಣ. ಹೋಗುವುದೇ ಬೇಡವೆನ್ನಿಸಿತ್ತು. ಲೂಪಸ್ ಕಾಯಿಲೆ ಬಂದಾಗಿನಿಂದ ಮೂಗಿನ ಎರಡೂ ಬದಿ ಕೆನ್ನೆ ಕೆಂಪಗಾಗಿದೆ, ಬಿಸಿಲು ತಗುಲಿದರೆ ಉರಿ. ಸನ್‌ಸ್ಕ್ರೀನ್ ಹಚ್ಚಿ, ತುಂಬುತೋಳಿನ ರವಿಕೆ ತೊಟ್ಟು, ಕೊಡೆ ಹಿಡಿದು ಅತ್ತೆಯ ಜೊತೆ ಹೊರಟೆ.

ಮಗುವಿಗೆ ಕೈ ಚಾಚಿದರೆ, ಅದನ್ನು ಎತ್ತಿಕೊಂಡಿದ್ದ ನಾದಿನಿಯ ಅತ್ತೆ ಹಿಂದೆ ಸರಿದರು. "ಮಗೀಗ್ ಅಂಟ್ಕಂಡ್ರೆ?" ಎಂದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

ನನ್ನತ್ತೆ ಅವರ ಕೈಯಿಂದ ಮಗುವನ್ನು ಎತ್ತಿಕೊಂಡು ನನ್ನ ಮಡಿಲಿಗಿಟ್ಟರು. "ಇದು ಅಂಟೋ ಕಾಯ್ಲೆ ಅಲ್ಲ ಕಣಕ್ಕಾ. ಡಾಕ್ಟ್ರನ್ನ ನಾನೇ ಕೇಳಿವ್ನಿ. ದಿನಾ ರಾತ್ರಿ ಇವಳ ಕೆನ್ನೆಗೆ ಮುಲಾಮು ಅಚ್ಚೋಳೂ ನಾನೇಯ. ನೋಡಿ, ನನ್ ಕೈಗೇನಾಗದೆ?" ಎಂದು ಎರಡೂ ಅಂಗೈ ಬಿಡಿಸಿ ತೋರಿಸಿದರು.

ಮಗುವನ್ನು ಹೆಗಲಿಗೆ ಹಾಕಿಕೊಂಡೆ. ಅದು ನನ್ನ ಕೆಂಪು ಕೆನ್ನೆಗೆ ಮುಖ ಒತ್ತಿ ನಿದ್ದೆಹೋಯಿತು. ಊಟಕ್ಕೆ ಕರೆದರೂ ನಾನು ಏಳಲಿಲ್ಲ.