ಬಾಗಿಲ ಹಿಂದಿನ ಹಾಡು

ಸಯನ್, ಮುಂಬಯಿ
ತಾ. 12-2-1974

ಪ್ರೀತಿಯ ಅವ್ವಾ,

ನಿನ್ನ ಪಾದ ಮುಟ್ಟಿ ಬರೆಯುತ್ತಿದ್ದೇನೆ. ಮೊಣಕಾಲಿನ ಬಾವು ಇಳಿಯಿತೇ? ಎಕ್ಕದ ಎಲೆ ಕಾಯಿಸಿ ಕಟ್ಟುತ್ತೀಯೋ, ಇಲ್ಲ ಬೈದುಕೊಂಡೇ ಓಡಾಡುತ್ತೀಯೋ? ನಾನು ಚೆನ್ನಾಗಿದ್ದೇನೆ. ರಮಾಮಣಿ ಅಮ್ಮನವರು ನನ್ನನ್ನು ಕೆಲಸದವಳೆಂದು ಬೇರೆ ಕಾಣುವುದಿಲ್ಲ. ಅವರ ಮೈಸೂರಿನ ಸಾರಿನ ಬೆಲ್ಲ ಮಾತ್ರ ನನಗಿನ್ನೂ ಒಗ್ಗಿಲ್ಲ.

ನಿನ್ನ ಕಾಗದ ಬಂತು. ಶಿವರಾತ್ರಿ ಮುಗಿದ ಮೇಲೆ ನೀಲಾಳನ್ನು ನೋಡಲು ವರನ ಕಡೆಯವರು ಬರುತ್ತಾರೆ, ಹಾಡು ಹೇಳೆಂದು ಕೇಳಿಯೇ ಕೇಳುತ್ತಾರೆ, ಆಗ ಅವಳು ಸೆರಗು ಮುಂದಕ್ಕೆಳೆದು ತಲೆ ತಗ್ಗಿಸಿ ಕೂರಲಿ, ನೀನು ಊರಿಗೆ ಬಂದು ಬಾಗಿಲ ಹಿಂದೆ ನಿಂತು ಹಾಡು ಎಂದು ನನಗೆ ಬರೆಸಿದ್ದೀಯ. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ತಂಗಿಗೆ ನನ್ನ ದನಿ. ಓದಿದ ದಿನ ಅನ್ನ ಸೇರಲಿಲ್ಲ.

ಮೊನ್ನೆ ಭಾನುವಾರ ಅಮ್ಮನವರ ಯಜಮಾನರು ಶಾಮಣ್ಣನವರಿಗೆ ಯಾರೋ ಸಂಗೀತದ ಪಾಸು ಕೊಟ್ಟರು. ಅವರ ಕೂಸನ್ನು ಎತ್ತಿಕೊಳ್ಳಲು ನನ್ನನ್ನೂ ದಾದರಿನ ಒಂದು ಹಾಲ್‌ಗೆ ಕರೆದೊಯ್ದರು. ಹೊರದೇಶದವರು ಮೊದಲು ಪಿಟೀಲು ನುಡಿಸಿದರು. ಆಮೇಲೆ ಅವರಲ್ಲಿ ಮೂವರು ಪಿಟೀಲು ಕೆಳಗಿಟ್ಟು, ಮುಂದಿದ್ದ ಸಂಗೀತದ ಹಾಳೆ ನೋಡಿಕೊಂಡು, ಬರಿಗೈ ಆಡಿಸತೊಡಗಿದರು. ಒಂದು ಸದ್ದೂ ಇಲ್ಲ. "ಏನೇ ಇದು, ಮದ್ವೆ ಮನೇಲಿ ಅಡಿಗೆಯವ್ರು ದೂರದಿಂದ ಉಪ್ಪು ಕೇಳೋ ಹಾಗಿದೆ!" ಎಂದು ಶಾಮಣ್ಣನವರು ಪಿಸುಗುಟ್ಟಿದರು. "ಸುಮ್ನೆ ನೋಡ್ರೀ, ನಿಮಗಿಂತ ಮಗು ವಾಸಿ" ಎಂದರು ಅಮ್ಮನವರು. ಕೆಲವರು ನಕ್ಕು ಎದ್ದು ಹೋದರು.

ನಾನು ಕೂಸನ್ನು ಎತ್ತಿಕೊಂಡೇ ಮುಂದೆ ಬಾಗಿ ನೋಡಿದೆ. ಒಬ್ಬಳ ಬೆರಳು ಇಳಿದ ಕಡೆಯಿಂದ ಇನ್ನೊಬ್ಬನ ಬೆರಳು ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಶಾಮಣ್ಣನವರ ಕೈಯೇ ತೊಡೆಯ ಮೇಲೆ ತಾಳ ಹಾಕುತ್ತಿದೆ! ಮೂವರ ಕೈಗಳೂ ಗಾಳಿಯಲ್ಲಿ ಒಮ್ಮೆಲೇ ನಿಂತಾಗ ಇಡೀ ಹಾಲ್ ಉಸಿರು ಹಿಡಿಯಿತು. ಹೊರಗೆ ಲೋಕಲ್ ರೈಲು ಹೋಗುವುದು ಕೇಳಿಸಿತು. ಹಾಡು ಇತ್ತು ಅವ್ವಾ, ನಾನು ಕಣ್ಣಾರೆ ನೋಡಿದೆ.

ಆಗ ನೆನಪಾದವಳು ನೀಲಾ. ನೀನು ಬೀಸುವಾಗ ಕಲ್ಲಿನ ಮೇಲೆ ಅಂಗೈಯಿಟ್ಟು, ಹಾಡುವ ನಿನ್ನ ತುಟಿ ನೋಡಿ ನೋಡಿ, ಬೀಸುವ ಪದಗಳನ್ನೆಲ್ಲ ಕೈಯಲ್ಲಿ ಹೇಳುತ್ತಾಳಲ್ಲ. ತವರಿನಿಂದ ಅಣ್ಣ ಕರೆಯಲು ಬರುವ ಪದಕ್ಕೆ ಹಣೆಗೆ ಕೈ ಹಚ್ಚಿ ದಾರಿ ನೋಡುತ್ತಾಳೆ; ನಿನ್ನ ಕಲ್ಲು ನಿಂತರೆ ಅವಳ ಕೈಯೂ ಅಲ್ಲಿಯೇ ನಿಲ್ಲುತ್ತದೆ. ಮಂದಿ ಬಂದರೆ ಮಾತ್ರ ನೀನು "ಕೈ ಮಡಚಿ ಕುಂದ್ರ, ನೋಡಿದೋರು ನಗ್ತಾರ" ಎಂದು ಅವಳ ಕೈ ಹಿಡಿದುಬಿಡುತ್ತೀಯ. ಅದನ್ನೇ ಇಲ್ಲಿ ದೀಪ ಹಾಕಿ ಜನರನ್ನು ಕೂರಿಸಿ ಮಾಡುತ್ತಾರೆ.

ಇದನ್ನು ಓದಿ ಹೇಳುವ ನೀಲಕಂಠಪ್ಪ ಮಾವನಿಗೆ ನಮಸ್ಕಾರ. ನೀಲಾಳ ಎರಡೂ ಕೈಗೆ ನನ್ನ ಮುತ್ತು.

ನಿನ್ನ ಮಗಳು,
ಕಸ್ತೂರಿ

ತಾ.ಕ.: ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು. ನಾನು ಬರುತ್ತೇನೆ, ಆದರೆ ಬಾಗಿಲ ಹಿಂದೆ ನಿಲ್ಲುವುದಿಲ್ಲ. ಅವರು ಹಾಡು ಹೇಳೆಂದರೆ ಬೀಸುವ ಕಲ್ಲನ್ನು ಪಡಸಾಲೆಗೆ ತರೋಣ. ನೀನು ಸುಮ್ಮನೆ ಬೀಸು, ನೀಲಾ ಕೈಯಲ್ಲಿ ಹೇಳಲಿ. ಎದ್ದು ಹೋಗುವವರು ಹೋಗಲಿ. ಕೊನೆಯವರೆಗೆ ಕೂತು ನೋಡಿದವನಿಗೇ ಅವಳನ್ನು ಕೊಡೋಣ.