ಕಂಬಳಿಯ ಮೇಲೆ ಕೂತು

ಮಲಾಗಾ, ಸ್ಪೇನ್
೧೨ ಜನವರಿ ೨೦೨೫

ನನ್ನ ಅವ್ವ ರೇಣುಕಮ್ಮನಿಗೆ,

ನಿನ್ನ ದಿವ್ಯಾ ಬರೆಯುತ್ತಿದ್ದೇನೆ. ದಿನಾ ಫೋನು ಮಾಡುವವಳು ಕಾಗದ ಯಾಕೆ ಬರೆದಳೆಂದು ಗಾಬರಿಯಾಗಬೇಡ. ಮೈಗೆ ಏನೂ ಆಗಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬಾಯಿಗೆ ಬೇರೆಯೇ ಮಾತು ಬರುತ್ತದೆ, ಅದಕ್ಕೆ.

ಐರ್ಲೆಂಡಿನ ಚಳಿ ತಡೆಯಲಾಗದೆ ನಮ್ಮ ಆಸ್ಪತ್ರೆಯ ನಾಲ್ವರು ನರ್ಸುಗಳು ಐದು ದಿನಕ್ಕೆಂದು ಈ ಊರಿಗೆ ಬಂದಿದ್ದೇವೆ. ಟಿಕೆಟು ದೀಪಾವಳಿಗೆ ಮುಂಚೆಯೇ ತೆಗೆದದ್ದು. ಅಪ್ಪ ತೀರಿಕೊಂಡು ಇನ್ನೂ ತಿಂಗಳು ಕಳೆದಿಲ್ಲ, ಬರಬಾರದಿತ್ತೇನೋ. ಆದರೆ ಹೂಂ ಎನ್ನಲೂ ಮನಸ್ಸಿರಲಿಲ್ಲ, ಬೇಡ ಎನ್ನಲೂ ಇರಲಿಲ್ಲ. ಎಬ್ಬಿಸಿದರು, ಬಂದೆ.

ಚಳಿಗಾಲವೆಂದ ಮೇಲೆ ಚಳಿ ಇದ್ದೇ ಇರುತ್ತದೆಂದು ಅಪ್ಪ ನೇಯ್ದ ಕರಿ ಕಂಬಳಿ ಹೊತ್ತು ತಂದೆ. ಪೆಟ್ಟಿಗೆಯಲ್ಲಿ ಬಟ್ಟೆಗೆ ಜಾಗವೇ ಉಳಿಯಲಿಲ್ಲ. ಇಲ್ಲಿ ನೋಡಿದರೆ ಚಳ್ಳಕೆರೆಯ ಹಾಗೆ ಬಿಸಿಲು. ಜೊತೆಯವರು ಇನ್ನೂ ನಗುತ್ತಿದ್ದಾರೆ. ಬೀದಿಯುದ್ದಕ್ಕೂ ಕಿತ್ತಳೆ ಮರ, ಹಣ್ಣು ಉದುರಿದರೂ ಕೇಳುವವರಿಲ್ಲ, ಕಹಿಯಂತೆ. ನೀನಾಗಿದ್ದರೆ ಉಪ್ಪಿನಕಾಯಿಗಾದರೂ ಆರಿಸಿಕೊಳ್ಳುತ್ತಿದ್ದೆ. ಸಮುದ್ರದ ದಂಡೆಯಲ್ಲಿ ಮೀನು ಸುಟ್ಟು ಕೊಡುತ್ತಾರೆ. ತಿಂದೆ. ರುಚಿ ಹೇಗಿತ್ತೆಂದು ಕೇಳಿದರೆ ಗೊತ್ತಿಲ್ಲ. ಕೋಟೆ, ಚರ್ಚು ಎಂದು ಅವರು ತೋರಿಸುತ್ತಾರೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಯಾವುದೂ ಮನಸ್ಸಿಗೆ ತಾಗುತ್ತಿಲ್ಲ. ಅಪ್ಪನಿಗಾಗಿ ಇದುವರೆಗೆ ಒಂದು ಹನಿ ಕಣ್ಣೀರೂ ಬಂದಿಲ್ಲ ಅವ್ವ.

ಹೊದೆಯಲು ಬೇಡವಾದ ಕಂಬಳಿಯನ್ನು ಇವತ್ತು ಬಾಲ್ಕನಿಯಲ್ಲಿ ಹಾಸಿ ಕೂತೆ. ಎಲ್ಲ ಚೆನ್ನಾಗಿದೆ, ನನ್ನ ಚಿಂತೆ ಬಿಡು ಎಂದು ನಿನಗೆ ಮೆಸೇಜು ಹಾಕುವವಳಿದ್ದೆ. ಆಗಲಿಲ್ಲ. ನಮ್ಮವರು ನ್ಯಾಯ ಮಾಡುವಾಗ ಕಂಬಳಿ ಗದ್ದಿಗೆ ಹಾಸುವುದು ಯಾಕೆಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಪ್ಪ ಹೇಳಿದ್ದ: "ಕಂಬ್ಳಿ ಮ್ಯಾಲೆ ಕುಂತು ಸುಳ್ಳಾಡಬಾರ್ದವ್ವ. ದೇವ್ರು ಪಕ್ಕದಾಗೇ ಕುಂತಿರ್ತಾನೆ." ದೇವರ ವಿಷಯದಲ್ಲಿ ನಾನು ಎಂಥವಳೆಂದು ನಿನಗೆ ಗೊತ್ತು. ಆದರೂ ಎದ್ದು ಬೇರೆ ಕಡೆ ಕೂರಲಾಗಲಿಲ್ಲ.

ಅಪ್ಪನನ್ನು ನೋಡಲು ಊರಿಗೆ ಬರಲು ಆಸ್ಪತ್ರೆಯವರು ರಜೆ ಕೊಡಲಿಲ್ಲ ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ನಾನು ಕೇಳಲೇ ಇಲ್ಲ. ಕೇಳಿದ್ದರೆ ಆ ಹೊತ್ತೇ ಕೊಡುತ್ತಿದ್ದರು. ಅಪ್ಪನ ರಿಪೋರ್ಟು ನೋಡಿದ ದಿನವೇ ಉಳಿಯುವುದಿಲ್ಲವೆಂದು ತಿಳಿದಿತ್ತು. ಕಂಡವರ ಅಪ್ಪಂದಿರ ಬಾಯಿಗೆ ನೀರು ಬಿಟ್ಟು, ಕಣ್ಣು ಮುಚ್ಚಿದ ಕೈ ಇದು. ನಮ್ಮಪ್ಪನನ್ನು ಹಾಗೆ ನೋಡಲು ಹೆದರಿದೆ. ಅಷ್ಟೇ. ದಿನಾ ಡ್ಯೂಟಿಗೆ ಹೋದೆ, ಬಂದೆ, ಮಲಗಿದೆ.

ಮಗಳು ಬೇಕೆಂದೇ ಬರಲಿಲ್ಲ ಎಂದು ತಿಪ್ಪಯ್ಯ ದೊಡ್ಡಪ್ಪ ಅಂದದ್ದಕ್ಕೆ ನೀನು ಅವರ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದೀಯ. ಅವರು ಅಂದದ್ದು ನಿಜ. ಈಗ ನಿನಗೆ ಅಂತ ಇರುವುದು ಆ ಮನೆಯೊಂದೇ, ನನ್ನ ಸುಳ್ಳಿಗಾಗಿ ಅದನ್ನೂ ಕಳೆದುಕೊಳ್ಳಬೇಡ. ಈ ಕಾಗದ ಅವರಿಗೂ ತೋರಿಸು. ನನ್ನನ್ನು ಬೈ, ಬೇಕಾದರೆ ಫೋನು ಎತ್ತಬೇಡ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನಿನ್ನ ಮಗಳು,
ದಿವ್ಯಾ

ತಾ.ಕ.: ಕೊನೆಯ ಮೂರು ದಿನ ಅಪ್ಪ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತಿದ್ದ, ಹೊರಳಿಸಿದರೂ ಕೇಳುತ್ತಿರಲಿಲ್ಲ, ಯಾಕೋ ತಿಳಿಯದು ಎಂದು ನೀನು ಅತ್ತಿದ್ದೆ. ಯಾಕೆಂದು ನನಗೆ ಗೊತ್ತು. ಅದಕ್ಕೆ ಮುಂಚಿನ ಭಾನುವಾರ ನೀನು ನೀರು ಹಿಡಿಯಲು ಹೋಗಿದ್ದಾಗ ಅಪ್ಪ ತಾನೇ ಫೋನು ಮಾಡಿ, ಬರ್ತೀಯೇನವ್ವ ಎಂದು ಕೇಳಿದ್ದ. ಹೊರಟೀನಿ ಅಪ್ಪ, ಮೂರು ದಿನದಾಗೆ ಬರ್ತೀನಿ ಎಂದಿದ್ದೆ.